ತುಮಕೂರಿನ ಒಣಹವೆಯಲ್ಲಿ ಎಲೆ ಚೆಂದದ ಆರ್ಕಿಡ್

ಆರ್ಕಿಡ್ ಅಂದ ತಕ್ಷಣ ಎಲ್ಲರೂ ಇದ್ದಿಲು, ಹೆಂಚಿನ ಚೂರು ಹುಡುಕಲು ಹೊರಡುತ್ತಾರೆ. ಮರದ ಮೇಲೆ ಬೆಳೆಯುವ ವಾಂಡಾ, ಡೆಂಡ್ರೋಬಿಯಂ ಗಿಡಗಳಿಗೆ ಅದು ಸರಿ. ಎಲೆಯ ಅಂದಕ್ಕೆ ಅಂತ ಸಾಕುವ ಜ್ಯುವೆಲ್ ಆರ್ಕಿಡ್‌ಗೆ ಅದು ಆಗಿಬರುವುದಿಲ್ಲ. ಇದು ಕಾಡಿನ ನೆಲದಲ್ಲಿ, ಕೊಳೆತ ತರಗೆಲೆಯ ನಡುವೆ ತೆವಳಿಕೊಂಡು ಬೆಳೆಯುವ ಗಿಡ. ಬರೀ ಇದ್ದಿಲಿನಲ್ಲಿ ನೆಟ್ಟರೆ ನಮ್ಮ ತುಮಕೂರಿನ ಗಾಳಿಗೆ ಬೇರು ಸುರುಟಿಕೊಂಡು ಹೋಗುತ್ತದೆ.

ಇದನ್ನು ಸಾಕಲು ಹೋಗಿ ಕೈಬಿಟ್ಟವರನ್ನು ಕೇಳಿ ನೋಡಿ. ಎಲ್ಲರೂ ಸೆಕೆಯನ್ನೇ ದೂರುತ್ತಾರೆ. ನನ್ನ ಪ್ರಕಾರ ಸೆಕೆಯ ತಪ್ಪು ಕಡಿಮೆ. ಮನೆಯೊಳಗೆ ನೆರಳಲ್ಲಿ ಇಟ್ಟರೆ ನಮ್ಮೂರಿನ ಬೇಸಿಗೆಯನ್ನು ಅದು ಹೇಗೋ ತಳ್ಳಿಬಿಡುತ್ತದೆ. ಗಿಡವನ್ನು ಸಾಯಿಸುವುದು ಒಣಗಾಳಿ ಮತ್ತು ಬೋರ್ ನೀರು. ಇವೆರಡನ್ನು ಸರಿಮಾಡಿಕೊಂಡರೆ ಉಳಿದದ್ದೇನೂ ಕಷ್ಟವಲ್ಲ.

ಮೊದಲು ನೀರಿನ ಮಾತು. ನಿಮ್ಮ ಮನೆಯ ನಲ್ಲಿಯ ಬಾಯಿ ನೋಡಿ. ಬಿಳಿ ಪದರ ಕಟ್ಟಿದೆಯಾ? ಸ್ಟೀಲ್ ಬಕೆಟ್ ಒಣಗಿದ ಮೇಲೆ ಕಲೆ ಉಳಿಯುತ್ತದಾ? ಹಾಗಾದರೆ ಆ ನೀರು ಈ ಗಿಡಕ್ಕೆ ಬೇಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಮೂರೂ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ. ಹಾಕಿದ ಮರುದಿನವೇ ಏನೂ ಆಗುವುದಿಲ್ಲ, ಅದೇ ಮೋಸ. ಲವಣ ಕುಂಡದಲ್ಲೇ ಕೂತು ಕೂತು, ಕೆಲವು ತಿಂಗಳ ಮೇಲೆ ಎಲೆಯ ತುದಿ ಕಂದಾಗಿ ಸುಟ್ಟಂತೆ ಕಾಣುತ್ತದೆ. ಆಗ ನಾವು ಬಿಸಿಲು ಜಾಸ್ತಿಯಾಯಿತು ಅಂತ ಕುಂಡ ಎತ್ತಿ ಇನ್ನೂ ಕತ್ತಲೆಗೆ ಇಡುತ್ತೇವೆ!

ಇದಕ್ಕಿಂತ ಕೆಟ್ಟದ್ದು ಆರ್.ಒ. ಮಿಷನ್ನಿನಿಂದ ಹೊರಹೋಗುವ ವೇಸ್ಟ್ ನೀರು. ನೀರು ಪೋಲಾಗಬಾರದು ಅನ್ನುವುದು ಒಳ್ಳೆಯ ಬುದ್ಧಿಯೇ. ಆದರೆ ಬೋರ್ ನೀರಿನ ಉಪ್ಪೆಲ್ಲ ಅಲ್ಲಿಗೇ ಬಂದು ಸೇರಿರುತ್ತದೆ. ಅದನ್ನು ನೆಲ ಒರೆಸಲು, ಬಚ್ಚಲು ತೊಳೆಯಲು ಇಟ್ಟುಕೊಳ್ಳಿ. ಗಿಡಕ್ಕೆ ಆರ್.ಒ.ದ ಕುಡಿಯುವ ನೀರನ್ನೇ ಹಾಕಿ. ಈ ಗಿಡಕ್ಕೆ ಒಂದು ಸಲಕ್ಕೆ ಒಂದು ಲೋಟವೂ ಹಿಡಿಯುವುದಿಲ್ಲ, ಜಿಪುಣತನ ಬೇಡ. ಬಡಾವಣೆಯ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರು ಅದರಲ್ಲೇ ಒಂದು ಬಾಟಲಿ ತೆಗೆದಿಟ್ಟರೆ ಸಾಕು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಬೋರ್ ನೀರಿಗಿಂತ ಎಷ್ಟೋ ವಾಸಿ. ಹಿಡಿದು ಒಂದು ರಾತ್ರಿ ತೆರೆದಿಟ್ಟು ಆಮೇಲೆ ಹಾಕಿ.

ಎಲ್ಲಕ್ಕಿಂತ ಮೇಲು ಮಳೆ ನೀರು. ನಮ್ಮ ಕಡೆ ಮಳೆ ಅಂದರೆ ಹಸ್ತ, ಚಿತ್ತೆಯ ಕಾಲಕ್ಕೇ ಜೋರು. ಮೊದಲ ಹತ್ತು ನಿಮಿಷ ತಾರಸಿಯ ಧೂಳು ತೊಳೆದು ಹೋಗಲಿ, ಆಮೇಲೆ ಹಿಡಿಯಿರಿ. ಮುಚ್ಚಳ ಬಿಗಿಯಾಗಿರುವ ಕ್ಯಾನಿನಲ್ಲಿ ತುಂಬಿ ಕತ್ತಲಲ್ಲಿ ಇಟ್ಟರೆ ಪಾಚಿಯೂ ಕಟ್ಟುವುದಿಲ್ಲ, ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ. ಎರಡು ಕ್ಯಾನ್ ಇದ್ದರೆ ನಾಲ್ಕಾರು ಕುಂಡಕ್ಕೆ ಬೇಸಿಗೆಯವರೆಗೂ ಬರುತ್ತದೆ.

ಇನ್ನು ಗಾಳಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಇಲ್ಲಿ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ತೊಳೆದ ಸೀರೆ ಗಂಟೆಯೊಳಗೆ ಒಣಗುತ್ತದಲ್ಲ, ಕುಂಡದ ಮಣ್ಣಿಗೂ ಅದೇ ಗತಿ. ಹಾಗಂತ ದಿನಕ್ಕೆ ನಾಲ್ಕು ಸಲ ಎಲೆಗೆ ನೀರು ಚಿಮುಕಿಸುವುದು ಸುಮ್ನೆ ಕೈಗೆ ಕೆಲಸ. ಅದು ಹತ್ತು ನಿಮಿಷಕ್ಕೆ ಆರಿಹೋಗುತ್ತದೆ. ಎಲೆಯ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ, ಎಲೆಯ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಜಲ್ಲಿಕಲ್ಲಿನ ತಟ್ಟೆಗೆ ನೀರು ಹಾಕಿ ಅದರ ಮೇಲೆ ಕುಂಡ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಅದರಿಂದ ಸ್ವಲ್ಪ ಅನುಕೂಲ ಉಂಟು, ಜಾಸ್ತಿ ಏನಿಲ್ಲ. ಅದಕ್ಕಿಂತ ನಾಲ್ಕೈದು ಗಿಡಗಳನ್ನು ಒತ್ತಾಗಿ ಒಂದೇ ಕಡೆ ಜೋಡಿಸಿ, ಫ್ಯಾನಿನ ನೇರ ಗಾಳಿಯಿಂದ ದೂರ ಇಡುವುದು ಮೇಲು. ಏಸಿ ಕೋಣೆಯಂತೂ ಬೇಡವೇ ಬೇಡ.

ಮೊದಲ ಸಲ ತರುವವರು ಲೂಡಿಸಿಯಾ ಡಿಸ್ಕಲರ್ ತನ್ನಿ. ನಮ್ಮ ಒಣಹವೆಗೆ ಹೊಂದಿಕೊಳ್ಳುವ ತಾಳ್ಮೆ ಇರುವುದು ಇದಕ್ಕೇ. ಈಶಾನ್ಯ ಭಾರತದಿಂದ ಹಿಡಿದು ದಕ್ಷಿಣ ಚೀನಾ, ಇಂಡೋನೇಷ್ಯಾದವರೆಗೆ ಕಾಡುಗಳಲ್ಲಿ ಬೆಳೆಯುವ ಜಾತಿ. ಎಲೆ ಕಪ್ಪಗೆ ಅನ್ನಿಸುವಷ್ಟು ಗಾಢ, ಮುಟ್ಟಿದರೆ ಮಖಮಲ್ಲು. ಅದರ ಉದ್ದಕ್ಕೆ ತಾಮ್ರದ ಬಣ್ಣದ ಗೆರೆಗಳು, ಜರಿ ಎಳೆದ ರೇಷ್ಮೆ ಸೀರೆಯ ಹಾಗೆ. ಎಲೆ ಮಗುಚಿ ನೋಡಿ, ಅಡಿಭಾಗ ಪೂರ್ತಿ ಕೆಂಪು. ಚಿನ್ನದ ಬಲೆ ಹೊದ್ದಂತೆ ಮಿಂಚುವುದು ಮಕೋಡೆಸ್ ಪೆಟೋಲಾ. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಆದರೆ ಅದಕ್ಕೆ ಗಾಳಿಯಲ್ಲಿ 70 ಪರ್ಸೆಂಟಿಗಿಂತ ಜಾಸ್ತಿ ತೇವ ಬೇಕು. ನಮ್ಮೂರಲ್ಲಿ ಗಾಜಿನ ಪೆಟ್ಟಿಗೆಯಿಲ್ಲದೆ ಅದು ಬದುಕುವುದಿಲ್ಲ.

ಗಾಜಿನ ಪೆಟ್ಟಿಗೆಗೆ ದುಡ್ಡು ಸುರಿಯಬೇಡಿ. ಮಕ್ಕಳು ಮೀನು ಸಾಕಿ ಬೇಸರವಾಗಿ ಅಟ್ಟಕ್ಕೆ ಹಾಕಿದ ಟ್ಯಾಂಕ್ ಎಷ್ಟು ಮನೆಯಲ್ಲಿಲ್ಲ? ಅದನ್ನು ತೊಳೆದು, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ, ಒಂದಿಂಚು ನೀರು ಬಿಡಿ. ಕುಂಡ ಜಲ್ಲಿಯ ಮೇಲೆ ಕೂರಬೇಕು, ನೀರಿಗೆ ತಾಗಬಾರದು. ಮೇಲೆ ಗಾಜು ಮುಚ್ಚಿ, ಬೆರಳು ತೂರುವಷ್ಟು ಸಂದು ಬಿಡಿ. ಪೂರ್ತಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಟ್ಯಾಂಕಿಗೆ ಮಾತ್ರ ಬಿಸಿಲು ಒಂದು ಗಳಿಗೆಯೂ ಬೀಳಬಾರದು, ಒಳಗೆ ಗಿಡ ಬೆಂದೇ ಹೋಗುತ್ತದೆ.

ಮಣ್ಣಿನ ವಿಷಯಕ್ಕೆ ನಮ್ಮ ಜಿಲ್ಲೆಯವರು ಪುಣ್ಯವಂತರು. ತಿಪಟೂರು ಕಡೆಯ ತೆಂಗಿನ ನಾರಿನ ಪುಡಿ ಧಾರಾಳವಾಗಿ ಸಿಗುತ್ತದೆ. ತಂದ ಹಾಗೇ ಹಾಕಬೇಡಿ. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ. ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬರುತ್ತದೆ, ಅದು ತಿಳಿಯಾಗುವವರೆಗೆ ತೊಳೆಯಬೇಕು. ಇಂಥ ಪುಡಿ ಎರಡು ಪಾಲು, ಜರಡಿ ಹಿಡಿದ ಎಲೆಗೊಬ್ಬರ ಒಂದು ಪಾಲು, ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು ಅಥವಾ ದಪ್ಪ ಮರಳು ಒಂದು ಪಾಲು. ನಾಲ್ಕು ಚೂರು ಇದ್ದಿಲು ಬೇಕಾದರೆ ಸೇರಿಸಿ. ತೋಟದ ಕೆಂಪು ಮಣ್ಣು ಬೇಡ, ಗಟ್ಟಿ ಕಟ್ಟುತ್ತದೆ. ಬೇರು ಮೇಲೆ ಮೇಲೆಯೇ ಹರಡುವುದರಿಂದ ಕುಂಡ ಅಗಲವಾಗಿ, ತಗ್ಗಾಗಿ ಇರಲಿ. ಗಿಡಕ್ಕೆ ಮಣ್ಣಿನ ಕುಂಡವೇ ಶ್ರೇಷ್ಠ ಅನ್ನುವವಳು ನಾನೂ. ಆದರೆ ಇದೊಂದಕ್ಕೆ ಪ್ಲಾಸ್ಟಿಕ್ಕೇ ಸರಿ, ಮಣ್ಣಿನದು ಬೇಗ ಒಣಗಿಸುತ್ತದೆ.

ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ಸಿಕ್ಕಿದಾಗ ನೀರು ಹಾಕಿ. ಪೂರ್ತಿ ಒಣಗಲು ಬಿಡಬೇಡಿ, ತಟ್ಟೆಯಲ್ಲಿ ನೀರು ನಿಲ್ಲಲೂ ಬಿಡಬೇಡಿ. ವಾರಕ್ಕೆ ಇಷ್ಟು ಸಲ ಅಂತ ಲೆಕ್ಕ ಕೇಳಿದರೆ ನಾನು ಹೇಳುವುದಿಲ್ಲ. ಏಪ್ರಿಲ್‌ಗೂ ಅಕ್ಟೋಬರ್‌ಗೂ ಲೆಕ್ಕ ಒಂದೇ ಆಗುತ್ತದಾ? ಡಿಸೆಂಬರ್, ಜನವರಿಯ ಚಳಿಯಲ್ಲಿ ನೀರು ಅರ್ಧಕ್ಕೆ ಇಳಿಸಿ. ನಂದಿ ಬೆಟ್ಟದ ಆಸುಪಾಸಿನವರು ಆಗ ರಾತ್ರಿ ಕುಂಡವನ್ನು ಕಿಟಕಿಯಿಂದ ಒಳಕ್ಕೆ ಸರಿಸಿಡಿ.

ಜಾಗ ಅಂದರೆ ಪೂರ್ವ ಅಥವಾ ಉತ್ತರದ ಕಿಟಕಿ, ನಡುವೆ ತೆಳು ಪರದೆ. ಬಿಸಿಲು ನೇರ ಬಿದ್ದರೆ ಎಲೆಯ ಗಾಢ ಬಣ್ಣ ಮಾಸಿ ಕೆಂಚಾಗುತ್ತದೆ. ತೀರ ಕತ್ತಲಾದರೆ ಕಾಂಡ ಉದ್ದಕ್ಕೆ ಜೋತು ಬೀಳುತ್ತದೆ. ಗಾಜಿನ ಕಿಟಕಿಯಿದ್ದು ಬೆಳಕು ಬರುವ ಬಚ್ಚಲು ಇದ್ದರೆ ಅದೇ ಬೆಸ್ಟ್. ಒಲೆಯ ಪಕ್ಕ ಬೇಡ. ಒಗ್ಗರಣೆಯ ಜಿಡ್ಡು ಮಖಮಲ್ ಎಲೆಗೆ ಕೂತರೆ ಹೋಗುವುದೇ ಇಲ್ಲ. ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಮೆತ್ತನೆಯ ಪೇಂಟಿಂಗ್ ಬ್ರಷ್‌ನಿಂದ ಝಾಡಿಸಿ.

ಗೊಬ್ಬರ ಕಡಿಮೆ ಸಾಕು. ರೈತರು ಡ್ರಿಪ್ಪಿಗೆ ಬಿಡುವ 19:19:19 ಇದೆಯಲ್ಲ, ಅದನ್ನೇ ಲೀಟರಿಗೆ ಒಂದೆರಡು ಚಿಟಿಕೆ ಕರಗಿಸಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಾಕಿ. ಸಗಣಿ ಗೊಬ್ಬರ, ಹಿಂಡಿ ಇದಕ್ಕೆ ಉಷ್ಣ.

ಚಳಿಗಾಲದ ಹೊತ್ತಿಗೆ ಲೂಡಿಸಿಯಾ ಒಂದು ಅಡಿಯಷ್ಟು ಉದ್ದದ ಕಡ್ಡಿ ಬಿಡುತ್ತದೆ. ಅದರ ತುಂಬ ಪುಟ್ಟ ಬಿಳಿ ಹೂ. ಹತ್ತಿರ ಹಿಡಿದು ನೋಡಿ, ಮಧ್ಯದ ಹಳದಿ ಭಾಗ ಒಂದು ಪಕ್ಕಕ್ಕೆ ತಿರುಚಿಕೊಂಡಿರುತ್ತದೆ, ಎಡ ಬಲ ಸಮ ಇರುವುದಿಲ್ಲ. ಬಸವನ ಹುಳುವಿಗೆ ಈ ಕಡ್ಡಿ ಅಂದರೆ ಪ್ರಾಣ. ಕುಂಡದ ಅಡಿಯನ್ನು ರಾತ್ರಿ ಒಮ್ಮೆ ಎತ್ತಿ ನೋಡುವುದು ಒಳ್ಳೆಯದು. ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಎಲೆಯ ಸಂದಿಯಲ್ಲಿ ಕಂಡರೆ ಹತ್ತಿಯ ಕಡ್ಡಿಗೆ ಸರ್ಜಿಕಲ್ ಸ್ಪಿರಿಟ್ ಅದ್ದಿ ಒರೆಸಿ ತೆಗೆಯಿರಿ. ಬೇವಿನ ಎಣ್ಣೆ ಎಲೆಗೆ ಕಲೆ ಮಾಡುತ್ತದೆ, ಮೊದಲು ಒಂದೇ ಎಲೆಗೆ ಹಾಕಿ ನೋಡಿ.

ಕಾಂಡ ಬುಡದಲ್ಲಿ ಕಪ್ಪಾಗಿ ಮೆತ್ತಗಾದರೆ ಕಾಯಬೇಡಿ. ಹೊಸ ಬ್ಲೇಡಿನಿಂದ ಗಟ್ಟಿ ಭಾಗದವರೆಗೆ ಕತ್ತರಿಸಿ. ಕೆಲವರು ಗಾಯಕ್ಕೆ ಅರಿಶಿನ ಹಚ್ಚುತ್ತಾರೆ. ಹಚ್ಚದಿದ್ದರೂ ನಡೆಯುತ್ತದೆ, ಅರ್ಧ ದಿನ ಆರಲು ಬಿಟ್ಟರೆ ಸಾಕು. ಎರಡು ಮೂರು ಗೆಣ್ಣು ಇರುವ ತುಂಡನ್ನು ಒದ್ದೆ ನಾರಿನ ಪುಡಿಯ ಮೇಲೆ ಮಲಗಿಸಿ, ಇಲ್ಲವೇ ಗಾಜಿನ ಲೋಟದಲ್ಲಿ ಬುಡ ಮಾತ್ರ ಮುಳುಗುವಂತೆ ನೀರಿಗಿಡಿ. ತಿಂಗಳು, ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಕಾಂಡ ಸೌತೆಕಾಯಿಯಷ್ಟೇ ಬೇಗ ಮುರಿಯುತ್ತದೆ, ಮೊಮ್ಮಕ್ಕಳ ಕೈಗೆ ಎಟುಕದಂತಿರಲಿ. ಮುರಿದರೂ ಚಿಂತೆಯಿಲ್ಲ ಬಿಡಿ, ಇನ್ನೊಂದು ಗಿಡ ಆಯಿತು ಅಷ್ಟೇ.

ಕೊಳ್ಳುವುದಾದರೆ ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ. ಲಾಲ್‌ಬಾಗಿನಲ್ಲಿ ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಮಳಿಗೆಗಳಲ್ಲಿ ಕೇಳಿ ನೋಡಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೇ ಬಳಗದ ಅನೆಕ್ಟೋಕೈಲಸ್ ಇದೆ. ಮಲೆನಾಡಿಗೆ ಹೋದವರು ಅಂಥದ್ದು ಕಂಡರೆ ಫೋಟೋ ತೆಗೆದುಕೊಂಡು ಬನ್ನಿ, ಕಿತ್ತು ತರಬೇಡಿ. ಕಾಡಿನಿಂದ ಕಿತ್ತದ್ದು ನಮ್ಮ ಹವೆಯಲ್ಲಿ ಬಾಳುವುದೂ ಇಲ್ಲ. ಪಾರ್ಸೆಲ್‌ನಲ್ಲಿ ತರಿಸಿದ ಗಿಡ ಬಾಡಿ ಬಂದಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ. ಬೇರಿಗೆ ಒದ್ದೆ ನಾರು ಸುತ್ತಿ, ತೂತು ಮಾಡಿದ ಪ್ಲಾಸ್ಟಿಕ್ ಕವರಿನೊಳಗೆ ಒಂದು ವಾರ ನೆರಳಲ್ಲಿ ಇಟ್ಟು, ಎಲೆ ಬಿಗಿಯಾದ ಮೇಲೆ ಕುಂಡಕ್ಕೆ ಇಳಿಸಿ.