ನೀಲಿ ಬಣ್ಣದ ಮೋಹೋ

ಅಮೆರಿಕದ ಓರೆಗಾನ್ ಕರಾವಳಿಯಲ್ಲಿ ಜುವಾನ್ ಡಿ ಫುಕಾ ಅನ್ನೋ ಸಾಗರದ ಪ್ಲೇಟು (ಭೂಮಿಯ ಹೊರಪದರದ ಒಂದು ದೊಡ್ಡ ತುಂಡು) ಉತ್ತರ ಅಮೆರಿಕದ ಪ್ಲೇಟಿನ ಅಡಿಗೆ ನುಗ್ಗುತ್ತಿದೆ. 1993-94ರಲ್ಲಿ ಅಲ್ಲಿ ಪೂರ್ವ-ಪಶ್ಚಿಮವಾಗಿ ಸಾಲು ಸೀಸ್ಮೋಮೀಟರ್, ಅಂದರೆ ನೆಲದ ಕಂಪನ ದಾಖಲಿಸುವ ಯಂತ್ರ, ಇಟ್ಟಿದ್ದರು. ಆ ಡೇಟಾ ಪುಕ್ಕಟೆ ಸಿಗುತ್ತದೆ. "ಅದರಿಂದ ನೆಲದಡಿಯ ಪದರಗಳ ಚಿತ್ರ ಮೊದಲು ನೀನೇ ಮಾಡು, ಪೇಪರ್ ಆಮೇಲೆ ಓದುವಿಯಂತೆ" ಅಂದರು ನಮ್ಮ ಗೈಡ್.

ಕೆಲಸ ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ. ತಟ್ಟುವುದು ಮಾತ್ರ ನಮ್ಮ ಕೈಲಿಲ್ಲ. ಜಪಾನಿನಲ್ಲೋ ಟೋಂಗಾದಲ್ಲೋ ಭೂಕಂಪ ಆಗಬೇಕು, 30ರಿಂದ 90 ಡಿಗ್ರಿ ದೂರದಲ್ಲಿ (ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ.). ಅದರ ಪಿ ಅಲೆ, ಅಂದರೆ ಎಲ್ಲಕ್ಕಿಂತ ವೇಗದ ಅಲೆ, ಕೆಳಗಿನಿಂದ ಏರಿ ಬರುವಾಗ ಪದರ ಬದಲಾದಲ್ಲೆಲ್ಲ ಒಂದು ಪಾಲು ನಿಧಾನದ ಎಸ್ ಅಲೆಯಾಗಿ ತಡವಾಗಿ ತಲುಪುತ್ತದೆ. ಸುಮಾರು 35 ಕಿ.ಮೀ. ಆಳದ ಮೋಹೋಗೆ, ಅಂದರೆ ಭೂಚಿಪ್ಪಿನ ತಳಕ್ಕೆ, ಆ ತಡ 4 ಸೆಕೆಂಡಿನಷ್ಟು. ಅದನ್ನು ಹೆಕ್ಕಿ ತೆಗೆದರೆ ರಿಸೀವರ್ ಫಂಕ್ಷನ್.

ನನ್ನ ಮೊದಲ ಚಿತ್ರ ಪೂರ್ತಿ ತಲೆಕೆಳಗು. ನೇರ ಬಂದ ಪಿ ಅಲೆಯದ್ದಾಗಿ ಮೇಲ್ಮುಖ ಇರಬೇಕಾದ ಸೊನ್ನೆ ಸೆಕೆಂಡಿನ ಶಿಖರವೇ ಕೆಳಮುಖ! ಅಲೆ ಯಾವ ಕಡೆಯಿಂದ ಬಂತು ಅನ್ನುವ ಕೋನ ಹಾಕಬೇಕಾದಲ್ಲಿ ಯಾವ ಕಡೆಗೆ ಹೋಗುತ್ತಿದೆ ಅನ್ನುವುದನ್ನು ಹಾಕಿದ್ದೆ. ನಾಚಿಕೆಯಾಯಿತು. ತಿದ್ದಿದೆ.

ಆದರೂ ಒಂದು ಕಡೆ ಸರಿಯಾಗಲಿಲ್ಲ. ಕೆಳಗೆ ಹೋದಂತೆ ಅಲೆಯ ವೇಗ ಹೆಚ್ಚಿದರೆ ಕೆಂಪು, ತಗ್ಗಿದರೆ ನೀಲಿ ಎಂದು ಬಣ್ಣ ಇಟ್ಟಿದ್ದೆ. ಮೋಹೋ ಕೆಂಪು ಬರಬೇಕು ಅಲ್ವಾ? ಪೂರ್ವದಲ್ಲಿ, ಜ್ವಾಲಾಮುಖಿಗಳ ಕಡೆ, ಕೆಂಪೇ ಬಂತು. ಪಶ್ಚಿಮಕ್ಕೆ ಬರುತ್ತಾ ಮಂಕಾಗಿ, ಕಡೆಗೆ ನೀಲಿಗೆ ತಿರುಗಿತು. ಮತ್ತೆ ಅದೇ ಕೋನದ ತಪ್ಪು ಅಂದುಕೊಂಡು ಸ್ಕ್ರಿಪ್ಟಿನ ಸಾಲು ಸಾಲೂ ಕೆದಕಿದೆ. ಒಂದೊಂದು ಭೂಕಂಪವನ್ನೇ ಬಿಟ್ಟು ಮತ್ತೆ ಓಡಿಸಿದೆ. ಮೂರು ವಾರ. ನೀಲಿ ಅಲ್ಲೇ ಕೂತಿತ್ತು.

ಗೈಡ್ ನೋಡಿ ನಕ್ಕರು. 2002ರಲ್ಲಿ 'ನೇಚರ್'ನಲ್ಲಿ ಬಂದ ಬೋಸ್ಟಾಕ್ ಮತ್ತು ಸಂಗಡಿಗರ ಪೇಪರ್ ಕೊಟ್ಟರು. ಇದೇ ಡೇಟಾ, ಅದೇ ಜಾಗದಲ್ಲಿ ತಿರುಗಿದ ಮೋಹೋ. ಮುಳುಗುವ ಪ್ಲೇಟು ಬಿಸಿಯೇರಿದಂತೆ ಖನಿಜಗಳಲ್ಲಿ ಸೇರಿಕೊಂಡಿದ್ದ ನೀರನ್ನು ಬಿಡುತ್ತದೆ. ನೀರು ಆ ಪ್ಲೇಟಿನ ಮೇಲಿರುವ ಮ್ಯಾಂಟಲ್ಲಿಗೆ, ಅಂದರೆ ಭೂಚಿಪ್ಪಿನ ಕೆಳಗಿನ ಪದರಕ್ಕೆ, ಸೇರಿ ಅಲ್ಲಿನ ಒಲಿವಿನ್ ಅನ್ನೋ ಖನಿಜ ಸರ್ಪೆಂಟೈನ್ ಅನ್ನೋ ಇನ್ನೊಂದು ಖನಿಜ ಆಗುತ್ತದೆ. ಅದರಲ್ಲಿ ಅಲೆಗಳು ಎಷ್ಟು ನಿಧಾನ ಅಂದರೆ, ವೇಗದಲ್ಲಿ ಮ್ಯಾಂಟಲ್ ತನ್ನ ಮೇಲಿನ ಚಿಪ್ಪಿಗಿಂತಲೂ ಹಿಂದೆ ಬೀಳುತ್ತದೆ. ಅದಕ್ಕೇ ನೀಲಿ. ಪೂರ್ವದಲ್ಲಿ ಬಿಸಿ ಜಾಸ್ತಿ, ಸರ್ಪೆಂಟೈನ್ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ ಕೆಂಪು.

ಈಗ ಜೂನಿಯರ್‌ಗಳು ಯಾರಾದರೂ ನೀಲಿ ಬಂತು ಅಂತ ಗಾಬರಿಯಾದರೆ ಸೊನ್ನೆ ಸೆಕೆಂಡಿನ ಶಿಖರ ನೋಡಿ ಅನ್ನುತ್ತೇನೆ. ಅದೂ ಕೆಳಮುಖವಾಗಿದ್ದರೆ ಸ್ಕ್ರಿಪ್ಟ್ ತೆಗೆಯಿರಿ. ಅದು ಸರಿಯಿದ್ದರೆ ಮ್ಯಾಪ್ ತೆಗೆಯಿರಿ.