ರವದಿಗೆ ಕಡ್ಡಿ ಗೀರುವ ಮುನ್ನ

ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವ ಗ್ಯಾಂಗ್ ಹೊಲ ಬಿಟ್ಟಿತೆಂದರೆ ರವದಿಗೆ, ಅಂದರೆ ಹೊಲದಲ್ಲಿ ಉಳಿಯುವ ಕಬ್ಬಿನ ಒಣ ಎಲೆಗೆ, ಬೆಂಕಿ ಬಿತ್ತೆಂದೇ ಲೆಕ್ಕ. ಇದ್ದರೆ ನೀರು ಹಾಯುವುದಿಲ್ಲ, ಇಲಿ ಸೇರುತ್ತವೆ ಅನ್ನುತ್ತಾರೆ. ಸುಳ್ಳೇನಲ್ಲ. ಆದರೆ ಎಕರೆಗೆ ಮೂರ್ನಾಲ್ಕು ಟನ್ ರವದಿ ಸುಟ್ಟು, ಆಮೇಲೆ ದುಡ್ಡು ಕೊಟ್ಟು ತಿಪ್ಪೆ ಗೊಬ್ಬರ ತರಿಸುವುದು ಯಾವ ಜಾಣತನ? ನಮ್ಮ ಬಿಸಿಲಿಗೆ ಮಣ್ಣಿನ ಸಾವಯವ ಅಂಶ ಮೊದಲೇ ಬೇಗ ಕರಗುತ್ತದೆ. ರವದಿಯನ್ನು ಹೊಲದಲ್ಲೇ ಕೊಳೆಸಿದರೆ ಅದು ಮಣ್ಣಿಗೆ ವಾಪಸ್ ಸೇರುತ್ತದೆ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರದಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕೊರತೆ, 0.75 ದಾಟಿದ್ದರೆ ಚಿಂತೆಯಿಲ್ಲ. ಅದು ಬರುವವರೆಗೆ ಮನೆಯಲ್ಲೇ ಒಂದು ಅಂದಾಜು ನೋಡಬಹುದು. ಉಳುಮೆಯಾಗದ ಬದುವಿನಿಂದ ಒಂದು, ಹೊಲದಿಂದ ಒಂದು ಒಣ ಹೆಂಟೆ ತನ್ನಿ. ಎರಡು ಗ್ಲಾಸು ನೀರಿಗೆ ಮೆಲ್ಲಗೆ ಬಿಡಿ. ಹೊಲದ ಹೆಂಟೆ ಗುಳ್ಳೆ ಬಿಡುತ್ತಾ ಕುಸಿದು ರಾಡಿಯಾಗಿ, ಬದುವಿನದು ಹಾಗೇ ಕೂತಿದ್ದರೆ ಮಣ್ಣನ್ನು ಹಿಡಿದಿಡುವ ಅಂಟು ಹೊಲದಲ್ಲಿ ಕಡಿಮೆಯಾಗಿದೆ ಎಂದರ್ಥ.

ಕಬ್ಬನ್ನು ನೆಲಮಟ್ಟಕ್ಕೇ ಕಡಿಸಿ. ಗ್ಯಾಂಗಿನವರು ಅವಸರದಲ್ಲಿ ಮೋಟು ಬಿಡುತ್ತಾರೆ, ಅದನ್ನು ಸವರಿಸಿ. ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎಳೆದು ಹಾಕಿ. ಖಾಲಿ ಸಾಲಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ಹನಿ ನೀರಾವರಿ ಇದ್ದವರಿಗೆ ಈ ತಾಪತ್ರಯವೇ ಇಲ್ಲ.

ಮುಖ್ಯ ಕೆಲಸ ಈಗ. ಒಂದು ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸಿಂಗಲ್ ಸೂಪರ್ ಫಾಸ್ಫೇಟ್ ಎರಚಿ. ಕೊಳೆಸುವ ಜೀವಾಣು 1 ಕೆಜಿಯಷ್ಟನ್ನು ಸಗಣಿ ರಾಡಿಯಲ್ಲಿ ಕಲಸಿ ಮೇಲೆ ಚಿಮುಕಿಸಿ, ನೀರು ಕೊಡಿ. ಯೂರಿಯಾ ಯಾಕೆ ಅಂದರೆ, ರವದಿಯಲ್ಲಿ ಸಾರಜನಕ ತೀರಾ ಕಡಿಮೆ. ಕೊಳೆಸುವ ಜೀವಿಗಳು ಅದನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆ ಹಳದಿಯಾಗುತ್ತದೆ. "ರವದಿ ಬಿಟ್ಟೆ, ಬೆಳೆ ಕೆಟ್ಟಿತು" ಅನ್ನುವವರಲ್ಲಿ ಜಾಸ್ತಿ ಜನ ಈ ಹಂತ ಬಿಟ್ಟವರೇ. ಒಂದೆರಡು ತಿಂಗಳಾದ ಮೇಲೆ ರವದಿ ಎತ್ತಿ ನೋಡಿ: ಬೇಸಿಗೆಯಲ್ಲೂ ಕೆಳಗೆ ತಂಪು, ಎಲೆಗೆ ಬಿಳಿ ಬೂಸ್ಟಿನ ಎಳೆ ಹತ್ತಿರುತ್ತದೆ. ಕಳೆಯೂ ಕಮ್ಮಿ.

ನೀರು ನಿಲ್ಲುವ ಜವಳು ಹೊಲಕ್ಕೆ ಇದು ಬೇಡ. ಕಾಡಿಗೆ ರೋಗ ಬಂದ ಹೊಲದ ರವದಿಯನ್ನೂ ಉಳಿಸಬೇಡಿ. ಪಕ್ಕದ ಹೊಲದವರು ಬೆಂಕಿ ಹಚ್ಚುವವರಾದರೆ, ಬದುವಿನ ಗುಂಟ ಏಳೆಂಟು ಅಡಿ ರವದಿಯನ್ನು ಒಳಗೆ ಸರಿಸಿ, ಆ ಪಟ್ಟಿಗೆ ಮೊದಲೇ ನೀರು ಹಾಯಿಸಿಡಿ.