ಡಿಕ್ಷನರಿಯ ಎರಡು ಓರೆಗೆರೆಗಳ ನಡುವೆ ಏನಿದೆ?

ಮಂಗಳೂರಿನ ಬಿಜೈಯಲ್ಲಿ ನಮ್ಮ ನೆರೆಮನೆಯ ಹುಡುಗಿ ಬಿ.ಕಾಂ. ಮುಗಿಸಿ ಇಂಟರ್‌ವ್ಯೂಗೆ ತಯಾರಾಗುತ್ತಿದ್ದಾಳೆ. ಮೊನ್ನೆ ತನ್ನ ನೋಟ್‌ಬುಕ್ ತಂದು ತೋರಿಸಿದಳು. ಎಡಗಡೆ ಇಂಗ್ಲಿಷ್ ಪದ, ನಡುವೆ ಕನ್ನಡ ಅಕ್ಷರದಲ್ಲಿ ಉಚ್ಚಾರ, ಬಲಗಡೆ ಅರ್ಥ. ಮುತ್ತಿನಂಥ ಅಕ್ಷರ. ಆದರೆ ಒಂದೇ ಪುಟದಲ್ಲಿ ‘ವೈನ್’ ಎಂದು ಎರಡು ಸಲ ಇತ್ತು. ಒಂದರ ಮುಂದೆ ಬಳ್ಳಿ, ಇನ್ನೊಂದರ ಮುಂದೆ ದ್ರಾಕ್ಷಾರಸ. “ಸ್ಪೆಲ್ಲಿಂಗ್ ಮಾತ್ರ ಬೇರೆ, ಹೇಳುವುದು ಒಂದೇ ಅಲ್ವಾ ಅಕ್ಕ?” ಎಂದು ಕೇಳಿದಳು.

ಒಂದೇ ಅಲ್ಲ. ಬಳ್ಳಿಯ ವೈನ್ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕುಡಿಯುವ ವೈನ್‌ಗೆ ಹಲ್ಲು ತಾಗಲೇಬಾರದು, ಶಿಳ್ಳೆ ಹಾಕುವಾಗಿನ ಹಾಗೆ ತುಟಿ ಗುಂಡಗಾಗಬೇಕು. ನಮ್ಮ ‘ವ’ ಅಕ್ಷರಕ್ಕೆ ಈ ವ್ಯತ್ಯಾಸ ತೋರಿಸಲು ಆಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಆ ನಡುವಿನ ಸಾಲನ್ನು ಬಿಟ್ಟುಬಿಡಿ. ಅದರ ಜಾಗದಲ್ಲಿ ಡಿಕ್ಷನರಿ ಕೊಡುವ ಗುರುತುಗಳನ್ನೇ ನೋಡಿ ಬರೆದುಕೊಳ್ಳಿ. ಇದಕ್ಕೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ‘ಲರ್ನರ್ಸ್ ಡಿಕ್ಷನರಿ’ ಒಳ್ಳೆಯದು. ಪದದ ಪಕ್ಕದಲ್ಲೇ ಎರಡು ಓರೆಗೆರೆ ಇರುತ್ತವೆ. ನಡುವೆ ಇರುವುದು ಧ್ವನಿ ಲಿಪಿ, ಅಂದರೆ ಐಪಿಎ. 1886ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಭಾಷಾ ಶಿಕ್ಷಕರ ಸಂಘವೊಂದು ಇದನ್ನು ಬೆಳೆಸಿತು. ಒಂದು ಧ್ವನಿಗೆ ಒಂದು ಗುರುತು, ಇಷ್ಟೇ ಅದರ ನಿಯಮ. ಗುರುತುಗಳ ಪಟ್ಟಿ ಸಾಮಾನ್ಯವಾಗಿ ಪುಸ್ತಕದ ಮೊದಲ ಪುಟಗಳಲ್ಲಿ ಅಥವಾ ರಟ್ಟಿನ ಒಳಬದಿಯಲ್ಲಿ ಇರುತ್ತದೆ. ಅಲ್ಲಿ ಒಂದು ಚೀಟಿ ಸಿಕ್ಕಿಸಿಡಿ. ಎಲ್ಲವನ್ನೂ ಬಾಯಿಪಾಠ ಮಾಡುವುದು ಬೇಡ.

ಆಮೇಲೆ ಹುಡುಕಬೇಕಾದದ್ದು ಒಂದು ಪುಟ್ಟ ನಿಂತ ಗೆರೆ. ಅಕ್ಷರಗಳ ತಲೆಯ ಮಟ್ಟದಲ್ಲಿ ಇರುತ್ತದೆ. ನನ್ನ ಪ್ರಕಾರ ಇಡೀ ಸಾಲಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಗುರುತು ಇದೇ. ಅದರ ನಂತರ ಬರುವ ಸಿಲೆಬಲ್ ಮೇಲೆ, ಅಂದರೆ ಪದದ ಉಚ್ಚಾರದ ಒಂದು ತುಂಡಿನ ಮೇಲೆ, ಒತ್ತು ಬೀಳಬೇಕು. ನಂತರ ಬರುವುದರ ಮೇಲೆ, ಹಿಂದಿನದರ ಮೇಲಲ್ಲ. ತುಂಬಾ ಜನ ತಪ್ಪುವುದು ಇಲ್ಲೇ. ‘ಫೋಟೋಗ್ರಾಫ್’ ಪದದಲ್ಲಿ ಗೆರೆ ‘ಫೋ’ಗಿಂತ ಮೊದಲು ಇದೆ. ‘ಫೋಟೋಗ್ರಫಿ’ಯಲ್ಲಿ ಅದು ಜಾರಿ ‘ಟೋ’ಗಿಂತ ಮೊದಲು ಬರುತ್ತದೆ. ‘ಫೋಟೋಗ್ರಾಫಿಕ್’ನಲ್ಲಿ ‘ಗ್ರಾ’ಗಿಂತ ಮೊದಲು. ಕನ್ನಡದಲ್ಲಿ ಒತ್ತು ಎಲ್ಲಿ ಬಿದ್ದರೂ ಅರ್ಥ ಬದಲಾಗುವುದಿಲ್ಲ. ಹಾಗಾಗಿ ನಮಗೆ ಇದು ಸಣ್ಣ ವಿಷಯ ಅನಿಸುತ್ತದೆ. ಇಂಗ್ಲಿಷ್‌ನಲ್ಲಿ ‘ರೆಕಾರ್ಡ್’ ಪದದ ಮೊದಲ ತುಂಡಿಗೆ ಒತ್ತು ಕೊಟ್ಟರೆ ದಾಖಲೆ, ಎರಡನೆಯದಕ್ಕೆ ಕೊಟ್ಟರೆ ದಾಖಲಿಸು. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಹೇಳಿ ನೋಡಿ. ಒತ್ತು ಬಂದಲ್ಲಿ ಜೋರಾಗಿ ತಟ್ಟಿ, ಸ್ವರವನ್ನು ಸ್ವಲ್ಪ ಎಳೆಯಿರಿ. ಉಳಿದ ತುಂಡುಗಳನ್ನು ಹಗುರವಾಗಿ ಬಿಡಿ.

ಹಗುರವಾಗಿ ಬಿಟ್ಟಾಗ ಬರುವ ಸ್ವರಕ್ಕೂ ಒಂದು ಗುರುತಿದೆ. ತಲೆಕೆಳಗಾದ ಇಂಗ್ಲಿಷ್ ‘ಇ’ಯ ಹಾಗೆ ಕಾಣುತ್ತದೆ. ಹೆಸರು ‘ಶ್ವಾ’. ಇಂಗ್ಲಿಷ್ ಮಾತಿನಲ್ಲಿ ಅತಿ ಜಾಸ್ತಿ ಬರುವ ಸ್ವರ ಇದು. ‘ಬನಾನಾ’ದಲ್ಲಿ ನಡುವಿನ ‘ನಾ’ ಮಾತ್ರ ತುಂಬು ಸ್ವರ. ಹಿಂದೆ ಮುಂದೆ ಇರುವುದು ಎರಡೂ ಶ್ವಾ. ಬಾಯಿ ಸಡಿಲ ಬಿಟ್ಟು, ‘ಅ’ ಎನ್ನುವುದಕ್ಕೂ ಮೊದಲೇ ನಿಲ್ಲಿಸಿದ ಹಾಗೆ.

ಇದು ಕಷ್ಟ ಅನ್ನುವವರಿಗೆ ನಾನು ತುಳುವನ್ನು ನೆನಪಿಸುತ್ತೇನೆ. ‘ಯಾನ್ ಬತ್ತೆ’ ಅಂದರೆ ನಾನು ಬಂದೆ. ‘ಆಯೆ ಬತ್ತೆ’ ಅಂದರೆ ಅವನು ಬಂದ. ಕನ್ನಡ ಲಿಪಿಯಲ್ಲಿ ಎರಡೂ ‘ಬತ್ತೆ’. ಆದರೆ ಮೊದಲನೆಯದರ ಕೊನೆಯಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ. ತುಳುವರ ಕಿವಿಗೆ ಇದು ಸಲೀಸು. ‘ನೀರ್’ ಎಂದು ಬರೆದರೂ ಕೊನೆಯಲ್ಲಿ ಅರ್ಧ ಉಕಾರ ಹೇಳುತ್ತಾರಲ್ಲ, ಅದೂ ಹಾಗೆಯೇ. ಇದು ಶ್ವಾ ಅಲ್ಲ, ಆದರೆ ಲಿಪಿಯಲ್ಲಿ ಇಲ್ಲದ ಸ್ವರವನ್ನು ಹಿಡಿಯುವ ಅಭ್ಯಾಸ ಈ ಊರಿನ ಕಿವಿಗೆ ಆಗಲೇ ಇದೆ.

1894ರಲ್ಲಿ ಇದೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದಿತು. ಕನ್ನಡದ ‘ಳ’, ‘ಣ’ಗಳನ್ನು ತೋರಿಸಲು ರೋಮನ್ ಅಕ್ಷರ ಸಾಲದೆ, ಅವುಗಳ ಕೆಳಗೆ ಚುಕ್ಕಿ ಇಟ್ಟು ಅಚ್ಚು ಮಾಡಿದರು. ನಮ್ಮ ಕಷ್ಟವೇ, ದಿಕ್ಕು ಮಾತ್ರ ತಿರುಗುಮುರುಗು.

ಓರೆಗೆರೆ ದಾಟಿದ ಮೇಲೆ ವ್ಯಾಕರಣದ ಗುರುತುಗಳು ಬರುತ್ತವೆ. ಪದ ನಾಮಪದವೋ ಕ್ರಿಯಾಪದವೋ ನೋಡಿಕೊಳ್ಳಿ. ನಾಮಪದದ ಪಕ್ಕ ‘ಯು’ ಇದ್ದರೆ ಅದನ್ನು ಎಣಿಸಲು ಬರುವುದಿಲ್ಲ. ‘ಅಡ್ವೈಸ್’ ಅಂಥದು, ಬಹುವಚನ ಮಾಡಬೇಡಿ. ಕ್ರಿಯಾಪದದ ಪಕ್ಕ ‘ಟಿ’ ಇದ್ದರೆ ಕರ್ಮ ನೇರವಾಗಿ ಬರಬೇಕು. ‘ಡಿಸ್ಕಸ್’ ಅಂಥದು, ಹಾಗಾಗಿ ಅದರ ಮುಂದೆ ‘ಅಬೌಟ್’ ಬೇಡ.

ಮೊಬೈಲ್‌ನ ಸ್ಪೀಕರ್ ಚಿತ್ರವನ್ನು ಕೊನೆಗೆ ಒತ್ತಿ. ಮೊದಲೇ ಕೇಳಿದರೆ ಕಿವಿ ತನಗೆ ಗೊತ್ತಿರುವ ಕನ್ನಡ ಸ್ವರವನ್ನೇ ಹಿಡಿದುಕೊಳ್ಳುತ್ತದೆ. ಗುರುತು ಓದಿ, ನೀವೇ ಹೇಳಿ, ಆಮೇಲೆ ಹೋಲಿಸಿ. ಬ್ರಿಟಿಷ್, ಅಮೆರಿಕನ್ ಎರಡೂ ಇದ್ದರೆ ಒಂದನ್ನೇ ಹಿಡಿದುಕೊಂಡು ಹೋಗಿ.

ದಿನಕ್ಕೆ ಐದು ಪದ ಸಾಕು. ಆ ಹುಡುಗಿಗೆ ಮೊದಲ ದಿನಕ್ಕೆ ಕೊಟ್ಟದ್ದು ರಸೀದಿ, ಸಾಲ (‘ಲೋನ್’ ಅಲ್ಲ, ‘ಡೆಟ್’), ಖಡ್ಗ, ಸಾಲ್ಮನ್ ಮೀನು, ದ್ವೀಪ, ಇವುಗಳ ಇಂಗ್ಲಿಷ್ ಪದ. ಪ್ರತಿಯೊಂದರ ಸ್ಪೆಲ್ಲಿಂಗ್‌ನಲ್ಲೂ ಬಾಯಿಗೆ ಬರಬಾರದ ಒಂದು ಅಕ್ಷರ ಇದೆ. ಯಾವುದು ಎಂದು ಓರೆಗೆರೆಗಳ ನಡುವೆ ನೋಡಿ ನೀವೂ ಪತ್ತೆ ಮಾಡಿ.